ಗೊತ್ತುಮಾಡಿ ಹಿಂದಕ್ಕೆ ಕಳುಹಿಸಲ್ಪಟ್ಟವರು

ಪಾಠಭಾಗ: 2 ಪೂರ್ವಕಾಲವೃತ್ತಾಂತ 25:5–13.
ಕೂಡಿಸಿ ಓದತಕ್ಕವು: ಕೀರ್ತನೆ 15, ಮತ್ತಾಯ 20:1–16, ಯೋಬ 2:11–13.



ಕೆಲಸವಿಲ್ಲದೆ ಇರುವದು ಒಂದು ಕಷ್ಟ. ಕೆಲಸ ಸಿಕ್ಕಿತೆಂದು ಹೇಳಿಸಿಕೊಂಡು, ಅದಕ್ಕೆ ಕೈಹಚ್ಚುವ ಮುಂಚೆಯೇ ಬೇಡವೆನ್ನಿಸಿಕೊಳ್ಳುವದು ಮತ್ತೊಂದು ಕಷ್ಟ. ಈ ಎರಡನೆಯದು ಮೊದಲನೆಯದಕ್ಕಿಂತ ಕಠಿಣವಾದದ್ದು. ಯಾಕಂದರೆ ಕೆಲಸ ಸಿಕ್ಕದವನು ಇನ್ನೂ ಎದುರುನೋಡುತ್ತಾ ಇದ್ದಾನೆ. ಸಿಕ್ಕಿ ತಪ್ಪಿದವನಾದರೋ ಆ ಮಾತನ್ನು ನಂಬಿ ಸಾಲಮಾಡಿದ್ದಾನೆ, ಇದ್ದ ಕೆಲಸವನ್ನು ಬಿಟ್ಟಿದ್ದಾನೆ, ಊರವರೆಲ್ಲರಿಗೂ ಸಂತೋಷದ ವರ್ತಮಾನವನ್ನು ಹೇಳಿದ್ದಾನೆ. ಚನ್ನರಾಯನದುರ್ಗದ ಸುತ್ತಿನ ಹಳ್ಳಿಗಳಲ್ಲಿಯೂ, ಮಧುಗಿರಿ, ಸಿರಾ, ಪಾವಗಡದ ಸೀಮೆಯಲ್ಲಿಯೂ ಮಳೆಯನ್ನೇ ನಂಬಿದ ಹೊಲಗಳು ಹೆಚ್ಚು. ಆದದರಿಂದ ಮನೆಗೊಬ್ಬನಾದರೂ ತುಮಕೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಸಂಬಳದ ಕೆಲಸಕ್ಕೆ ಸೇರಲಿ ಎಂದು ತಾಯಿತಂದೆಗಳು ಪ್ರಾರ್ಥಿಸುವದುಂಟು. ಇಂಥ ಮನೆಗೆ ಬಂದ ನೇಮಕದ ಕಾಗದವು ಹಿಂದಕ್ಕೆ ಹೋದರೆ ಒಬ್ಬನಲ್ಲ, ಮನೆಯವರೆಲ್ಲರೂ ಕುಗ್ಗುತ್ತಾರೆ. ಈ ಕಷ್ಟವನ್ನು ಕುರಿತು ಸತ್ಯವೇದದಲ್ಲಿ ಒಂದು ಚರಿತ್ರೆ ಉಂಟು. ಅದನ್ನು ನಮ್ಮ ಸಭೆಗಳಲ್ಲಿ ಓದುವದು ಅಪರೂಪ. ಈ ತಿಂಗಳು ಅದನ್ನೇ ಕಲಿಯೋಣ.

1. ಚರಿತ್ರೆಯ ಸಾರ

ಯೆಹೂದದ ಅರಸನಾದ ಅಮಚ್ಯನು ಎದೋಮ್ಯರ ಮೇಲೆ ಯುದ್ಧಕ್ಕೆ ಹೊರಡಬೇಕೆಂದು ತನ್ನ ಜನರನ್ನು ಎಣಿಸಿದನು. ಇಪ್ಪತ್ತು ವರುಷ ಮೇಲ್ಪಟ್ಟವರು 3,00,000 ಮಂದಿ ಆದರು. ಅಷ್ಟು ಸಾಲದೆಂದು ಅವನು ಇಸ್ರಾಯೇಲ್ ರಾಜ್ಯದಿಂದ 1,00,000 ಮಂದಿ ಯುದ್ಧಶೂರರನ್ನು 100 ತಲಾಂತು ಬೆಳ್ಳಿಗೆ ಗೊತ್ತುಮಾಡಿದನು. ಒಂದು ತಲಾಂತಿಗೆ 3,000 ಶೆಕೆಲ್. ಶೆಕೆಲ್ ಎಂಬದು ಹೆಚ್ಚುಕಡಿಮೆ ನಮ್ಮ ಒಂದು ತೊಲೆಯ ತೂಕ. ಹಾಗಾದರೆ ತಲೆಗೆ ಮೂರು ತೊಲೆ ಬೆಳ್ಳಿಯ ಲೆಕ್ಕವಾಯಿತು. ಆಗ ದೇವರ ಮನುಷ್ಯನೊಬ್ಬನು ಬಂದು, ಈ ದಂಡು ನಿನ್ನ ಸಂಗಡ ಬರಬಾರದು, ಯೆಹೋವನು ಅವರೊಂದಿಗೆ ಇಲ್ಲ, ಎಂದು ತಿಳಿಸಿದನು. ಅರಸನ ಮನಸ್ಸಿಗೆ ಮೊದಲು ಬಂದದ್ದು ಹಣದ ಚಿಂತೆ. ಕೊಟ್ಟ 100 ತಲಾಂತಿನ ಗತಿ ಏನೆಂದು ಅವನು ಕೇಳಿದನು. ಅದಕ್ಕಿಂತ ಹೆಚ್ಚಾದದ್ದನ್ನು ಕೊಡಲು ಯೆಹೋವನು ಶಕ್ತನೆಂದು ಆ ಮನುಷ್ಯನು ಉತ್ತರಕೊಟ್ಟನು. ಅಮಚ್ಯನು ವಿಧೇಯನಾಗಿ ಆ ದಂಡನ್ನು ಬೇರೆಮಾಡಿ ಮನೆಗೆ ಕಳುಹಿಸಿಬಿಟ್ಟನು.

ಅವರು ಸುಮ್ಮನೆ ಹೋಗಲಿಲ್ಲ. ಕಡುಕೋಪದಿಂದ ಉರಿಯುತ್ತಾ ಹೋದರು. ಅರಸನು ಉಪ್ಪಿನ ತಗ್ಗಿನಲ್ಲಿ ಜಯಹೊಂದುತ್ತಿರುವಾಗ, ಇವರು ಸಮಾರ್ಯದಿಂದ ಬೇತ್‌ಹೋರೋನಿನ ವರೆಗೆ ಯೆಹೂದದ ಊರುಗಳ ಮೇಲೆ ಬಿದ್ದು 3,000 ಮಂದಿಯನ್ನು ಕೊಂದು ಬಹಳ ಕೊಳ್ಳೆಯನ್ನು ಹೊತ್ತುಕೊಂಡು ಹೋದರು. ಸತ್ತವರಲ್ಲಿ ಯಾರೂ ಅವರನ್ನು ಗೊತ್ತುಮಾಡಿದವರಲ್ಲ, ಕಳುಹಿಸಿಬಿಟ್ಟವರೂ ಅಲ್ಲ.

2. ಕೆಲಸ ಕೊಡುವವನಿಗೆ ಪಾಠ

ಅಮಚ್ಯನು ದಂಡನ್ನು ಹಿಂದಕ್ಕೆ ಕಳುಹಿಸಿದ್ದು ತಪ್ಪಲ್ಲ. ದೇವರ ಅಪ್ಪಣೆಯಂತೆ ಮಾಡಿದನು. ಅವನ ತಪ್ಪು ಅದಕ್ಕಿಂತ ಮುಂಚೆಯೇ ಆಗಿತ್ತು. ಗೊತ್ತುಮಾಡುವ ಮುಂಚೆ ಕೇಳಬೇಕಾದದ್ದನ್ನು ಗೊತ್ತುಮಾಡಿದ ಮೇಲೆ ಕೇಳಿದನು. ಬುರುಜು ಕಟ್ಟುವವನು ಮೊದಲು ಕೂತುಕೊಂಡು ಖರ್ಚನ್ನು ಲೆಕ್ಕಿಸಬೇಕೆಂದು ನಮ್ಮ ಕರ್ತನು ಲೂಕ 14:28ರಲ್ಲಿ ಹೇಳಿದ್ದು ಆಳುಗಳನ್ನು ಕರೆಯುವವನಿಗೂ ಸಲ್ಲುತ್ತದೆ.

ಆದರೂ ಅವನಲ್ಲಿ ಒಂದು ಒಳ್ಳೇದನ್ನು ಕಾಣುತ್ತೇವೆ. ತನ್ನ ಅವಸರದಿಂದಾದ ನಷ್ಟವನ್ನು ತಾನೇ ಹೊತ್ತನು. ಕೊಟ್ಟ ಬೆಳ್ಳಿಯನ್ನು ಹಿಂದಕ್ಕೆ ತೆಗೆದುಕೊಂಡನೆಂದು ಚರಿತ್ರೆಯಲ್ಲಿ ಬರೆದಿಲ್ಲ. ಈ ಪಾಠದ ಮುಖ್ಯ ವಿಷಯವು ಇದೇ: ಕೊಟ್ಟ ಕೆಲಸವನ್ನು ನ್ಯಾಯವಾದ ಕಾರಣದಿಂದಲೇ ಹಿಂದೆ ತೆಗೆಯಬೇಕಾಗಿ ಬಂದರೂ, ಅದರ ನಷ್ಟವನ್ನು ಮಾತು ಕೊಟ್ಟವನು ಹೊರಬೇಕೇ ಹೊರತು ಮಾತನ್ನು ನಂಬಿದವನ ತಲೆಯ ಮೇಲೆ ಹೊರಿಸಬಾರದು. ತನಗೆ ನಷ್ಟವಾದರೂ ಆಡಿದ್ದನ್ನು ಬದಲಿಸದವನು ದೇವರ ಪರ್ವತದಲ್ಲಿ ವಾಸಿಸತಕ್ಕವನೆಂದು 15ನೆಯ ಕೀರ್ತನೆಯಿಂದ ಕಲಿಯುತ್ತೇವೆ.

ಇದು ಅರಸರಿಗೆ ಮಾತ್ರವೆಂದು ಎಣಿಸಬಾರದು. ಕಡಲೇಕಾಯಿ ಕೀಳುವದಕ್ಕೆ ಹತ್ತು ಆಳುಗಳನ್ನು ಹಿಂದಿನ ಸಂಜೆ ಹೇಳಿಕಳುಹಿಸಿ, ಬೆಳಿಗ್ಗೆ ಅವರು ಬುತ್ತಿ ಕಟ್ಟಿಕೊಂಡು ಬಂದ ಮೇಲೆ, ಕಡಿಮೆ ಕೂಲಿಗೆ ಬೇರೆಯವರು ಸಿಕ್ಕಿದರೆಂದು ಅವರನ್ನು ತಿರುಗಿಸಿ ಕಳುಹಿಸುವವನು ನಮ್ಮ ಸಭೆಯಲ್ಲಿಯೂ ಇರಬಹುದು. ಆ ಹೊತ್ತಿಗೆ ಮತ್ತೊಬ್ಬರ ಹೊಲಕ್ಕೆ ಹೋಗುವದಕ್ಕೆ ಅವರಿಗೆ ವೇಳೆ ಉಳಿಯುವದಿಲ್ಲ. ರಾತ್ರಿ ಮಳೆ ಬಂದು ಕೆಲಸ ನಿಂತರೆ ಒಡೆಯನು ಏನೂ ಮಾಡಲಾರನು. ಆದರೂ ಅರ್ಧ ಕೂಲಿಯನ್ನಾದರೂ ಕೊಟ್ಟು, ಮುಂದಿನ ಕೆಲಸಕ್ಕೆ ಅವರನ್ನೇ ಮೊದಲು ಕರೆಯುವದು ಕ್ರೈಸ್ತನಿಗೆ ಯೋಗ್ಯವಾದದ್ದು. ಎತ್ತಿನ ವ್ಯಾಪಾರದಲ್ಲಿ ಸಂಚಕಾರ ಕೊಟ್ಟು ಹಿಂದೆಗೆದವನು ಸಂಚಕಾರವನ್ನು ಕಳೆದುಕೊಳ್ಳುತ್ತಾನೆ. ಎತ್ತಿನ ಮಾತಿಗೆ ಇರುವ ಬೆಲೆ ಮನುಷ್ಯನ ಮಾತಿಗೆ ಇರಬೇಡವೇ?

3. ನಮ್ಮ ರಾಜ್ಯದಲ್ಲಿ ನಡೆದದ್ದು

ಈ ಚರಿತ್ರೆಗೆ ಹೋಲುವ ಸಂಗತಿಗಳು ನಮ್ಮ ಕಾಲದಲ್ಲಿಯೂ ನಡೆದಿವೆ. ಪೊಲೀಸ್ ಸಬ್ ಇನ್ಸ್‌ಪೆಕ್ಟರರ 545 ಕೆಲಸಗಳಿಗಾಗಿ 2021ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಪರೀಕ್ಷೆ ನಡೆಯಿತು. ಬರೆದವರು ಸುಮಾರು 54,000 ಮಂದಿ. 2022ರ ಜನವರಿಯಲ್ಲಿ ಆರಿಸಲ್ಪಟ್ಟವರ ತಾತ್ಕಾಲಿಕ ಪಟ್ಟಿಯು ಪ್ರಕಟವಾಯಿತು. ಹೆಸರು ಬಂದವರ ಮನೆಗಳಲ್ಲಿ ಹಬ್ಬವಾಯಿತು. ಆ ಮೇಲೆ ಕೆಲವರು ಲಂಚಕೊಟ್ಟು ಉತ್ತರಪತ್ರಿಕೆಗಳನ್ನು ತಿದ್ದಿಸಿಕೊಂಡರೆಂಬ ಮೋಸವು ಹೊರಬಿದ್ದು, ಅದೇ ವರುಷ ಏಪ್ರಿಲ್ 29ರಂದು ಸರಕಾರವು ಇಡೀ ಪರೀಕ್ಷೆಯನ್ನು ರದ್ದುಮಾಡಿತು. ಯಾವ ಆರೋಪವನ್ನೂ ಹೊರದವರು, ನಮ್ಮ ಅಪರಾಧವೇನು ಎಂದು ಉಚ್ಚ ನ್ಯಾಯಾಲಯಕ್ಕೆ ಹೋದರು. 2023ರ ನವೆಂಬರಿನಲ್ಲಿ ನ್ಯಾಯಾಲಯವು ರದ್ದತಿಯನ್ನು ಎತ್ತಿಹಿಡಿದು, ಬೇರೊಂದು ಸ್ವತಂತ್ರ ಸಂಸ್ಥೆಯಿಂದ ತಿರಿಗಿ ಪರೀಕ್ಷೆ ನಡಿಸಬೇಕೆಂದು ತೀರ್ಪುಕೊಟ್ಟಿತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 2024ರ ಜನವರಿ 23ರಂದು ಅದನ್ನು ನಡಿಸಿತು.

ಇದಕ್ಕಿಂತ ದೀರ್ಘವಾದದ್ದು 2011ನೆಯ ಸಾಲಿನ 362 ಗೆಜೆಟೆಡ್ ಪ್ರೊಬೇಷನರರ ಸಂಗತಿ. ಅಕ್ರಮಗಳ ಆರೋಪದಿಂದ 2014ರಲ್ಲಿ ಸರಕಾರವು ಆ ಪಟ್ಟಿಯನ್ನು ಹಿಂದೆ ತೆಗೆಯಿತು. 2016ರಲ್ಲಿ ಆಡಳಿತ ನ್ಯಾಯಮಂಡಳಿಯು ಅವರ ಪಕ್ಷವಾಗಿ ತೀರ್ಪುಕೊಟ್ಟಿತು. 2018ರಲ್ಲಿ ಉಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಕಡೆಗೆ 2022ರಲ್ಲಿ ವಿಧಾನಮಂಡಲವು ಆ ಆಯ್ಕೆಯನ್ನು ಊರ್ಜಿತಮಾಡುವ ಕಾಯಿದೆಯನ್ನೇ ಮಾಡಿತು. ಹನ್ನೊಂದು ವರುಷಗಳು ಹೀಗೆ ಕಳೆದವು.

ಮೋಸದ ಪರೀಕ್ಷೆಯನ್ನು ರದ್ದುಮಾಡುವದು ನ್ಯಾಯವೇ. ಲಂಚಕೊಟ್ಟವನು ಪೊಲೀಸಿನ ಅಧಿಕಾರಿಯಾದರೆ ಬಡವರು ಯಾರ ಬಳಿಗೆ ಹೋಗಬೇಕು? ಆದರೂ ಆ ನ್ಯಾಯದ ಭಾರವು ನಿರಪರಾಧಿಗಳ ಮೇಲೆಯೂ ಬಿತ್ತು. ಅವರು ಎರಡನೆಯ ಸಾರಿ ಓದಿದರು, ಎರಡನೆಯ ಸಾರಿ ಬರೆದರು. ಇದರಿಂದ ನಮ್ಮ ಯೌವನಸ್ಥರು ಇನ್ನೊಂದನ್ನೂ ತಿಳುಕೊಳ್ಳಬೇಕು. ಲಂಚಕೊಟ್ಟು ಕೆಲಸ ಕೊಂಡುಕೊಳ್ಳುವವನು ಸರಕಾರವನ್ನು ಮಾತ್ರ ಮೋಸಗೊಳಿಸುವವನಲ್ಲ. ತನ್ನ ಪಕ್ಕದ ಮೇಜಿನಲ್ಲಿ ಕೂತು ಪ್ರಾಮಾಣಿಕವಾಗಿ ಬರೆದ ಬಡವನ ಅನ್ನವನ್ನೂ ಕಸಿದುಕೊಳ್ಳುವವನಾಗಿದ್ದಾನೆ.

4. ಹಿಂದಕ್ಕೆ ಕಳುಹಿಸಲ್ಪಟ್ಟವನಿಗೆ ಪಾಠ

ಆ 1,00,000 ಮಂದಿಯ ಕೋಪವು ಅಸಹಜವಾದದ್ದಲ್ಲ. ಮನೆಮಾರುಗಳನ್ನು ಬಿಟ್ಟು ಬಂದಿದ್ದರು. ಊರಿಗೆ ತಲೆತಗ್ಗಿಸಿಕೊಂಡು ಹೋಗಬೇಕಾಯಿತು. ಅವರು ಕೋಪಗೊಂಡದ್ದಕ್ಕಿಂತ ಕೋಪವನ್ನು ಯಾರ ಮೇಲೆ ಸುರಿದರೆಂಬದೇ ಅವರ ಪಾಪ. ಇಂದಿಗೂ ಹಾಗೆ ಆಗುವದುಂಟು. ಕೆಲಸ ತಪ್ಪಿದವನು ಹೆಂಡತಿಯ ಮೇಲೆ ಕೈಮಾಡುತ್ತಾನೆ, ತಾಯಿಯನ್ನು ಬೈಯುತ್ತಾನೆ, ಹೆಂಡದಂಗಡಿಗೆ ಹೋಗುತ್ತಾನೆ, ಅಥವಾ ತನ್ನ ಮೇಲೆಯೇ ಕೈಮಾಡಿಕೊಳ್ಳಬೇಕೆಂದು ಯೋಚಿಸುತ್ತಾನೆ. ಇವೆಲ್ಲಾ ಬೇತ್‌ಹೋರೋನಿನ ಕೊಳ್ಳೆಯೇ. ಕಳುಹಿಸಿಬಿಟ್ಟವನಿಗೆ ಇದರಿಂದ ಏನೂ ತಟ್ಟುವದಿಲ್ಲ. ಪ್ರಿಯ ಯೌವನಸ್ಥನೇ, ನಿನ್ನ ದುಃಖವನ್ನು ಮೊದಲು ದೇವರ ಮುಂದೆ ಹೇಳು. ಆ ಮೇಲೆ ಮನೆಯವರಿಗೆ ಮುಚ್ಚುಮರೆಯಿಲ್ಲದೆ ಹೇಳು. ಪ್ರತಿದಿನವೂ ಕೆಲಸಕ್ಕೆ ಹೋಗುವವನಂತೆ ಬಸ್ಸು ಹತ್ತಿ ತಿರುಗಾಡಿ ಬರುವದರಿಂದ ದುಃಖವು ಇಮ್ಮಡಿಯಾಗುವದು.

ಕೋಪಕ್ಕೆ ನ್ಯಾಯವಾದ ದಾರಿಯೂ ಉಂಟು. ಅಪೊಸ್ತಲನಾದ ಪೌಲನು ತನ್ನ ಮೇಲೆ ಅನ್ಯಾಯ ನಡೆದಾಗ ಕೈಸರನ ನ್ಯಾಯಸ್ಥಾನಕ್ಕೆ ಹೇಳಿಕೊಂಡನಲ್ಲವೇ? ಆದದರಿಂದ ಈ ಕೆಲವು ವಿಷಯಗಳನ್ನು ನೆನಪಿನಲ್ಲಿಡತಕ್ಕದ್ದು.

ಮೊದಲನೆಯದು, ಬಾಯಿಮಾತನ್ನು ನಂಬಿ ಇದ್ದ ಕೆಲಸವನ್ನು ಬಿಡಬಾರದು. ಸಹಿಯುಳ್ಳ ಆದೇಶವು ಕೈಗೆ ಬಂದು, ಅದರಲ್ಲಿರುವ ಷರತ್ತುಗಳನ್ನು ಓದಿಸಿಕೊಂಡ ಮೇಲೆಯೇ ಬಿಡತಕ್ಕದ್ದು. ಸಂಬಳವು ಬರುವ ಮುಂಚೆ ಸಂಬಳದ ಮೇಲೆ ಸಾಲ ಮಾಡಬಾರದು.

ಎರಡನೆಯದು, 1872ರ ಕರಾರು ಕಾಯಿದೆಯ ಪ್ರಕಾರ, ನಾವು ಒಪ್ಪಿಕೊಂಡೆವೆಂದು ತಿಳಿಸುವ ತನಕ ಮಾತು ಕೊಟ್ಟವನು ಅದನ್ನು ಹಿಂದೆ ತೆಗೆಯಬಹುದು. ಒಪ್ಪಿಗೆಯು ಸಲ್ಲಿದ ಮೇಲೆ ಅದು ಕರಾರಾಗುತ್ತದೆ, ಮುರಿದವನಿಂದ ನಷ್ಟವನ್ನು ಕೇಳಬಹುದು. ಆದಕಾರಣ ಒಪ್ಪಿಗೆಯನ್ನು ತಡಮಾಡದೆ ಬರವಣಿಗೆಯಲ್ಲಿ ಕಳುಹಿಸಿ ಪ್ರತಿಯನ್ನು ಇಟ್ಟುಕೊಳ್ಳಬೇಕು.

ಮೂರನೆಯದು, ಸರಕಾರದ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕೆಲಸದ ಹಕ್ಕು ಹುಟ್ಟುವದಿಲ್ಲವೆಂದೂ, ಆದರೂ ಸರಕಾರವು ಮನಸ್ಸು ಬಂದಂತೆ ನಡೆಯಕೂಡದೆಂದೂ ದೇಶದ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ತೀರ್ಮಾನಿಸಿತು. ಕಾರಣವನ್ನು ಬರವಣಿಗೆಯಲ್ಲಿ ಕೇಳುವದರಲ್ಲಿ ತಪ್ಪಿಲ್ಲ.

ನಾಲ್ಕನೆಯದು, ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. 1987ರ ಕಾಯಿದೆಯು ಸ್ತ್ರೀಯರಿಗೂ, ಕೈಗಾರಿಕಾ ಕಾರ್ಮಿಕರಿಗೂ, ಕಡಿಮೆ ವರಮಾನದವರಿಗೂ ಧರ್ಮಾರ್ಥವಾಗಿ ಸಹಾಯ ಸಿಕ್ಕುವಂತೆ ಮಾಡಿದೆ.

5. ಸಭೆಯವರಿಗೆ ಪಾಠ

ಯೋಬನ ಸ್ನೇಹಿತರು ಮೊದಲು ಏಳು ದಿನ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕೂತುಕೊಂಡರು, ಅದು ಚೆನ್ನಾಗಿತ್ತು. ಬಾಯಿ ತೆರೆದು, ನಿನ್ನಲ್ಲಿ ಏನೋ ಪಾಪವಿದೆ, ಎಂದು ಹೇಳಹೊರಟಾಗ ಕೆಟ್ಟಿತು. ನಮ್ಮಲ್ಲಿಯೂ ಕೆಲಸ ತಪ್ಪಿದವನ ಮನೆಯ ಮುಂದೆ, ದಶಮಾಂಶ ಕೊಡಲಿಲ್ಲ, ಪ್ರಾರ್ಥನೆ ಸಾಲದು, ಎಂದು ಗುಸುಗುಸು ಮಾತಾಡುವವರುಂಟು. ಅನ್ಯರಾದ ನೆರೆಯವರು, ಮತ ಬಿಟ್ಟದ್ದಕ್ಕೆ ಹೀಗಾಯಿತು, ಎಂದರೆ ನಮಗೆ ನೋವಾಗುತ್ತದಲ್ಲಾ. ಅದೇ ಮಾತನ್ನು ನಾವು ಬೇರೆ ವೇಷದಿಂದ ಆಡಬಹುದೇ? ದೇವರು ಈ ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆಯುವನೆಂದು ಅವಸರದಿಂದ ಹೇಳುವದೂ ಬೇಡ. ಅದು ಸತ್ಯವಾಗಿರಬಹುದು, ಆದರೆ ಹಾಗೆಂದು ತಿಳುಕೊಳ್ಳುವದಕ್ಕೆ ಯೋಸೇಫನಿಗೆ ಸೆರೆಮನೆಯಲ್ಲಿ ಇನ್ನೂ ಎರಡು ವರುಷ ಹಿಡಿಯಿತು. ಮೊದಲು ಒಂದು ಪಡಿ ರಾಗಿಯನ್ನು ತೆಗೆದುಕೊಂಡು ಅವನ ಮನೆಗೆ ಹೋಗೋಣ. ಸಾಲದ ಬಡ್ಡಿಗೆ ಸಭೆಯ ಬಡವರ ನಿಧಿಯಿಂದ ಏನಾದರೂ ಆಗುವದೋ ಎಂದು ಹಿರಿಯರು ವಿಚಾರಿಸಲಿ. ತುಮಕೂರಿನ ಹತ್ತಿರ ವಸಂತನರಸಾಪುರದ ಕಾರ್ಖಾನೆಗಳಲ್ಲಿಯೋ ಬೇರೆ ಕಡೆಯಲ್ಲಿಯೋ ಕೆಲಸದಲ್ಲಿರುವ ಸಹೋದರರು ಅವನಿಗೋಸ್ಕರ ವಿಚಾರಿಸಲಿ.

ದ್ರಾಕ್ಷೇತೋಟದ ಸಾಮ್ಯದಲ್ಲಿ ಯಜಮಾನನು ಸಂಜೆಯ ಹೊತ್ತಿನಲ್ಲಿಯೂ ಪೇಟೆಗೆ ಹೋದನು. ಅಲ್ಲಿ ನಿಂತಿದ್ದವರನ್ನು ಕೇಳಿದಾಗ, ಯಾರೂ ತಮ್ಮನ್ನು ಕೂಲಿಗೆ ಕರೆಯಲಿಲ್ಲವೆಂದು ಅವರು ಹೇಳಿದರು. ಅವನು ಅವರನ್ನು ಮೈಗಳ್ಳರೆಂದು ಗದರಿಸಲಿಲ್ಲ. ಉಳಿದ ಒಂದೇ ತಾಸಿಗೆ ಅವರನ್ನು ಕರೆದು, ಮನೆಯವರ ಹೊಟ್ಟೆಗೆ ಬೇಕಾದ ಇಡೀ ದಿನದ ಕೂಲಿಯನ್ನು ಕೊಟ್ಟನು. ಬೆಳಿಗ್ಗೆ ಕರೆದವರಿಗೂ ಒಪ್ಪಿದ ಕೂಲಿಯಲ್ಲಿ ಕಾಸಿನಷ್ಟೂ ಕಡಿಮೆಮಾಡಲಿಲ್ಲ. ನಾವು ಸೇವಿಸುವ ಯಜಮಾನನು ಇಂಥವನು. ಆತನು ಕರೆದವರನ್ನು ಹಿಂದಕ್ಕೆ ಕಳುಹಿಸುವದಿಲ್ಲ. ಆತನ ಆಳುಗಳಾದ ನಾವು ಒಬ್ಬರಿಗೊಬ್ಬರು ಕೊಡುವ ಮಾತಿನಲ್ಲಿ ಆತನ ಗುರುತು ಕಾಣಲಿ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಅಮಚ್ಯನ ತಪ್ಪು ಯಾವದು? ಅವನಲ್ಲಿದ್ದ ಒಳ್ಳೇದು ಯಾವದು?
2. ಹಿಂದಕ್ಕೆ ಹೋದ ದಂಡಿನವರ ಕೋಪದಿಂದ ಕಷ್ಟಪಟ್ಟವರು ಯಾರು? ನಮ್ಮ ಕೋಪದಿಂದ ಕಷ್ಟಪಡುವವರು ಯಾರು?
3. ಬಂದ ಆಳುಗಳನ್ನು ಕೆಲಸವಿಲ್ಲದೆ ತಿರುಗಿಸಿ ಕಳುಹಿಸಬೇಕಾದರೆ ನಾವು ಏನು ಕೊಡತಕ್ಕದ್ದು?
4. ನಮ್ಮ ಊರಿನಲ್ಲಿ ಕೆಲಸ ತಪ್ಪಿಹೋದ ಮನೆ ಯಾವದು? ಈ ವಾರ ಅಲ್ಲಿಗೆ ಯಾರು ಹೋಗುವರು?