ಕಂಪೈಲರ್ ಶಾಲೆಗೆ ತಲುಪುವ ಬಗೆ: ಲಿನಕ್ಸ್ ಪ್ಯಾಕೇಜುಗಳ ಪರಿಚಯ

ಉದ್ದೇಶ: ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರನ್ನು ಲಿನಕ್ಸ್ ಬಳಕೆದಾರರಿಗಾಗಿ ಹೇಗೆ ಕಟ್ಟಿ ಬಿಡುಗಡೆ ಮಾಡುತ್ತಾರೆಂಬುದನ್ನು ಶಿಕ್ಷಕರು ಅರಿತು, ತಮ್ಮ ಶಾಲೆಗೆ ತಕ್ಕುದನ್ನು ಆರಿಸಿಕೊಳ್ಳುವುದು.

ಪೀಠಿಕೆ
ಲೇಖಕರ ಹಸ್ತಪ್ರತಿ ಎಷ್ಟೇ ಚೆನ್ನಾಗಿದ್ದರೂ ಅದು ಪಠ್ಯಪುಸ್ತಕವಲ್ಲ. ಅಚ್ಚಾಗಿ, ತರಗತಿ ಹಾಗೂ ಮಾಧ್ಯಮದ ಹೆಸರು ಹೊತ್ತು, ಉಗ್ರಾಣದ ಮೂಲಕ ದುಧನಿಯ ಮಗುವಿನ ಕೈ ಸೇರಿದಾಗಲೇ ಅದು ಪುಸ್ತಕ. ಬಾಲಭಾರತಿಯ ಕನ್ನಡ ಪುಸ್ತಕಗಳನ್ನು ಕಲಿಸುವ ನಮಗೆ ಈ ಮಾತು ಹೊಸತಲ್ಲ. ಕಂಪೈಲರಿನ ಮಾತೂ ಇದೇ.

ಕಟ್ಟುವ ಕ್ರಮ
ಮನುಷ್ಯರು ಓದಬಲ್ಲ ಪ್ರೋಗ್ರಾಮನ್ನು ಯಂತ್ರದ ಆದೇಶಗಳಾಗಿ ಮಾರ್ಪಡಿಸುವ ತಂತ್ರಾಂಶವೇ ಕಂಪೈಲರ್. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಬಿಡುಗಡೆ ಮಾಡಿದ ಜಿಸಿಸಿ ಇದಕ್ಕೆ ಒಳ್ಳೆಯ ಉದಾಹರಣೆ. ಕಂಪೈಲರ್ ಕೂಡ ಒಂದು ಪ್ರೋಗ್ರಾಮೇ ಆದುದರಿಂದ, ಅದನ್ನು ಸಿದ್ಧಗೊಳಿಸಲು ಮೊದಲೇ ಒಂದು ಕಂಪೈಲರ್ ಬೇಕು. ಯಂತ್ರದಲ್ಲಿರುವ ಹಳೆಯ ಕಂಪೈಲರಿನಿಂದ ಹೊಸ ಜಿಸಿಸಿಯನ್ನು ಕಟ್ಟುತ್ತಾರೆ. ಆ ಹೊಸದು ತನ್ನನ್ನು ತಾನೇ ಮತ್ತೆರಡು ಬಾರಿ ಕಟ್ಟಿಕೊಳ್ಳುತ್ತದೆ. ಎರಡನೆಯ ಮತ್ತು ಮೂರನೆಯ ಹಂತದ ಫಲಗಳು ಒಂದೇ ಆಗಿದ್ದರೆ ಮಾತ್ರ ಕೆಲಸ ಸರಿಯೆಂದು ಒಪ್ಪುತ್ತಾರೆ. ಕರಡು ತಿದ್ದುವ ಕೆಲಸದಷ್ಟೇ ಕಟ್ಟುನಿಟ್ಟಿನ ಪರೀಕ್ಷೆಯಿದು.

ಪ್ಯಾಕೇಜಿನ ಒಳಗೇನಿದೆ?
1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯಲ್ಲಿ ಪ್ರತಿ ಪ್ಯಾಕೇಜೂ ತನ್ನ ಹೆಸರು, ಆವೃತ್ತಿ, ಯಾವ ಬಗೆಯ ಯಂತ್ರಕ್ಕೆ ತಕ್ಕುದು, ಬೇರೆ ಯಾವ ಪ್ಯಾಕೇಜುಗಳನ್ನು ಅವಲಂಬಿಸಿದೆ ಎಂಬ ವಿವರಗಳನ್ನು ಹೊತ್ತಿರುತ್ತದೆ. ಅವಲಂಬನೆಯ ಭಾಗವನ್ನು ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. ಕಂಪೈಲರ್ ಇದ್ದೂ ಸಿ ಗ್ರಂಥಾಲಯದ ಹೆಡರ್ ಕಡತಗಳು ಇಲ್ಲದಿದ್ದರೆ ಮಗುವಿನ ಮೊದಲ ಪ್ರೋಗ್ರಾಮೇ ದೋಷಸಂದೇಶದಲ್ಲಿ ಮುಗಿಯುತ್ತದೆ. ತಪ್ಪು ಮಗುವಿನದಲ್ಲ, ಆದರೆ ಮಗು ಹಾಗೆ ತಿಳಿಯುವುದಿಲ್ಲ. ಇವೆಲ್ಲವನ್ನೂ ಒಟ್ಟಿಗೆ ತರುವ ‘ಬಿಲ್ಡ್-ಎಸೆನ್ಶಿಯಲ್’ ಪ್ಯಾಕೇಜನ್ನು ಸ್ಥಾಪಿಸುವುದು ಲೇಸು.

ಬಿಡುಗಡೆಯ ಮೆಟ್ಟಿಲುಗಳು
ಹೊಸ ಪ್ಯಾಕೇಜು ಮೊದಲು ‘ಅಸ್ಥಿರ’ ಭಂಡಾರವನ್ನು ಸೇರುತ್ತದೆ. ಗಂಭೀರ ದೋಷ ಕಾಣದಿದ್ದರೆ ‘ಪರೀಕ್ಷೆ’ಯ ಹಂತಕ್ಕೆ ಬರುತ್ತದೆ, ಸುಮಾರು ಎರಡು ವರ್ಷಗಳಿಗೊಮ್ಮೆ ‘ಸ್ಥಿರ’ ಬಿಡುಗಡೆಯಾಗುತ್ತದೆ. 2023ರ ಡೆಬಿಯನ್ 12ರಲ್ಲಿ ಜಿಸಿಸಿ 12, 2025ರ ಡೆಬಿಯನ್ 13ರಲ್ಲಿ ಜಿಸಿಸಿ 14 ಇವೆ. ಭಂಡಾರದ ಪಟ್ಟಿಗೆ ಡಿಜಿಟಲ್ ಸಹಿ ಇರುವುದರಿಂದ, ನಡುದಾರಿಯಲ್ಲಿ ಯಾರಾದರೂ ಬದಲಾಯಿಸಿದ ಪ್ಯಾಕೇಜನ್ನು ಗಣಕವು ಒಪ್ಪುವುದಿಲ್ಲ. ತರಗತಿಗೆ ಸ್ಥಿರ ಆವೃತ್ತಿಯೇ ಯೋಗ್ಯ: ಎಲ್ಲ ಗಣಕಗಳಲ್ಲೂ ಒಂದೇ ಉತ್ತರ ದೊರೆಯಬೇಕು.

ಕೊನೆಯ ಹೊಣೆ
ಡೆಬಿಯನ್ 13ರಲ್ಲಿ ಹಳೆಯ 32-ಬಿಟ್ ಗಣಕಗಳಿಗೆ ಸ್ಥಾಪಕ ತಂತ್ರಾಂಶವಿಲ್ಲ. ಶಾಲೆಗೆ ದಾನವಾಗಿ ಬಂದ ಯಂತ್ರ ಯಾವ ಬಗೆಯದೆಂದು ಮೊದಲೇ ನೋಡಿಕೊಳ್ಳಬೇಕು. ಅಂತರ್ಜಾಲ ದುರ್ಬಲವಾಗಿದ್ದಲ್ಲಿ ಡಿವಿಡಿ ಪ್ರತಿಯನ್ನು ಬೇರೆಡೆ ಇಳಿಸಿಕೊಂಡು ತರಬಹುದು. ಕನ್ನಡ ಅಕ್ಷರವಿನ್ಯಾಸಗಳ ಪ್ಯಾಕೇಜು ಬೇರೆಯೇ ಇದೆ. ಕಂಪೈಲರ್ ಅದನ್ನು ತಾನಾಗಿ ಕರೆತರುವುದಿಲ್ಲ. ಕೇರಳದಲ್ಲಿ ಕೈಟ್ ಸಂಸ್ಥೆಯು ಶಾಲೆಗಳಿಗೆಂದೇ ಲಿನಕ್ಸ್ ವ್ಯವಸ್ಥೆಯನ್ನು ಸಿದ್ಧಪಡಿಸುವುದರಿಂದ ಕಾಸರಗೋಡಿನ ಕನ್ನಡ ಶಿಕ್ಷಕರಿಗೆ ಈ ಹೊರೆ ಕಡಿಮೆ. ಅಂಥ ವ್ಯವಸ್ಥೆ ಇಲ್ಲದೆಡೆ ಕಟ್ಟನ್ನು ಪೂರ್ಣಗೊಳಿಸುವವರು ಶಿಕ್ಷಕರೇ.

ಚಟುವಟಿಕೆ
ಜಿಸಿಸಿ 10ರಿಂದ ಸಿ ಭಾಷೆಯ ಚರಗಳಿಗೆ ನೇರವಾಗಿ ಕನ್ನಡ ಲಿಪಿಯ ಹೆಸರಿಡಬಹುದು. ಭಾಷೆಯ ಕಾದಿರಿಸಿದ ಪದಗಳು ಮಾತ್ರ ರೋಮನ್ ಲಿಪಿಯಲ್ಲೇ ಇರುತ್ತವೆ. ದುಧನಿ ಮಾರುಕಟ್ಟೆಗೆ 12 ಕ್ವಿಂಟಲ್ ತೊಗರಿ ಬಂದಿದೆ, ದರ ಕ್ವಿಂಟಲಿಗೆ 7,000 ರೂ. ಎಂದು ಭಾವಿಸಿ. ‘ತೂಕ’, ‘ದರ’, ‘ಮೊತ್ತ’ ಎಂಬ ಚರಗಳನ್ನು ಬಳಸಿ ಪ್ರೋಗ್ರಾಮ್ ಬರೆಸಿರಿ. ಉತ್ತರ: 84,000.

ಪ್ರಶ್ನೆಗಳು
1. ಕಂಪೈಲರ್ ತನ್ನನ್ನು ತಾನೇ ಮರಳಿ ಕಟ್ಟಿಕೊಳ್ಳುವುದೇಕೆ?
2. ಪಠ್ಯಪುಸ್ತಕದ ‘ಆವೃತ್ತಿ’ಗೂ ಪ್ಯಾಕೇಜಿನ ‘ಆವೃತ್ತಿ’ಗೂ ಇರುವ ಹೋಲಿಕೆಯೇನು?
3. ನಿಮ್ಮ ಶಾಲೆಯ ಒಂದು ಗಣಕವನ್ನು ಪರೀಕ್ಷಿಸಿ, ಅದಕ್ಕೆ ಬೇಕಾದ ಪ್ಯಾಕೇಜುಗಳ ಪಟ್ಟಿ ಮಾಡಿರಿ.