ಆಯ್ಕೆಯಾದ ಮೇಲೂ ಕಾಯಬೇಕಾ?

ಯೌವನಸ್ಥರ ಕೂಟದ ಸಂದೇಶ
ಓದಬೇಕಾದ ಭಾಗಗಳು: ನ್ಯಾಯಸ್ಥಾಪಕರು 7:1-8 ಮತ್ತು 7:23; ದಾನಿಯೇಲ 6:1-10; ಅಪೊಸ್ತಲರ ಕೃತ್ಯಗಳು 1:3-14

ಬೈಬಲ್ ಇರುವವರು ಬೈಬಲ್ ತೆಗೀರಿ, ಮೊಬೈಲ್‌ನಲ್ಲಿ ಓದುವವರು ನೋಟಿಫಿಕೇಷನ್ ಆಫ್ ಮಾಡಿ ಓದಿ.

ಕಾಯುವುದರ ಬಗ್ಗೆ ನಾವು ಬಹಳ ಪ್ರಸಂಗ ಕೇಳಿದ್ದೇವೆ. ಹೆಚ್ಚಾಗಿ ಅದು ಬಾಗಿಲು ತೆರೆಯುವ ಮುಂಚಿನ ಕಾಯುವಿಕೆ. ಕೆಲಸ ಸಿಕ್ಕಿಲ್ಲ, ಮದುವೆ ಆಗಿಲ್ಲ, ಕಾಯ್ತಾ ಇದ್ದೇವೆ. ಇವತ್ತು ನಾನು ಹೇಳಬೇಕೆಂದಿರುವುದು ಬೇರೆ. "ನೀನು ಆಯ್ಕೆಯಾಗಿದ್ದೀ" ಅಂತ ಹೇಳಿಯಾಗಿದೆ, ಆದರೆ ಒಳಗೆ ಇನ್ನೂ ಬಿಟ್ಟಿಲ್ಲ. ಆ ಬಾಗಿಲಿನ ಹೊಸಿಲ ಮೇಲೆ ನಿಂತಿರುವವರ ಕಾಯುವಿಕೆ.

ನಮ್ಮ ಮನೆಯಲ್ಲೇ ಈಗ ಇದು ನಡೀತಾ ಇದೆ. ಮಗಳು ಅನುಮತಿ ಕೊಟ್ಟಿದ್ದಾಳೆ, ಅದಕ್ಕೇ ಹೇಳ್ತಿದ್ದೇನೆ. ಅವಳು ಸಿಡಿಎಸ್ ಪರೀಕ್ಷೆ ಬರೆದು ಎಸ್ಎಸ್‌ಬಿ ಇಂಟರ್‌ವ್ಯೂಗೆ ಹೋದಳು. ಐದು ದಿನದ ಪರೀಕ್ಷೆ ಅದು. ಮೊದಲ ದಿನದ ಸ್ಕ್ರೀನಿಂಗ್‌ನಲ್ಲೇ ಬಹಳ ಜನ ಮನೆಗೆ ಹೋಗ್ತಾರೆ. ಉಳಿದವರಿಗೆ ಚಿತ್ರ ನೋಡಿ ಕಥೆ ಬರೆಯುವುದು, ಗುಂಪು ಕೆಲಸ, ಸಂದರ್ಶನ. ಕೊನೆಯ ದಿನ ಕಾನ್ಫರೆನ್ಸ್ ಮುಗಿದ ಮೇಲೆ ಚೆಸ್ಟ್ ನಂಬರ್ ಕೂಗುತ್ತಾರೆ. ಅವಳ ನಂಬರ್ ಕೂಗಿದರು. ನಾವು ಸಭೆಯಲ್ಲಿ ಸ್ತೋತ್ರ ಮಾಡಿದೆವು, ಕೆಲವರು ಸಿಹಿಯನ್ನೂ ಹಂಚಿದರು!

ಆಮೇಲೆ ಶುರುವಾಯಿತು ನಿಜವಾದ ಕಾಯುವಿಕೆ. ಮಿಲಿಟರಿ ಆಸ್ಪತ್ರೆಯಲ್ಲಿ ಕಣ್ಣು, ಕಿವಿ, ಹಲ್ಲು, ಎಕ್ಸ್‌ರೇ, ಸ್ಕ್ಯಾನ್, ರಕ್ತ ಎಲ್ಲ ನೋಡಿದರು. ಹಿಮೋಗ್ಲೋಬಿನ್ ಕಡಿಮೆ, "ಟೆಂಪರರಿ ಅನ್‌ಫಿಟ್" ಅಂತ ಬರೆದರು. ಇಂಥವರಿಗೆ ಅಪೀಲ್ ಮೆಡಿಕಲ್ ಬೋರ್ಡ್ ಅಂತ ಇದೆ, 42 ದಿನದೊಳಗೆ ಹೋಗಬೇಕು. ಕೆಲವರಿಗೆ ತೂಕ, ಕೆಲವರಿಗೆ ಮೂಗಿನ ಮೂಳೆ, ಕೆಲವರಿಗೆ ಬರೀ ಕಿವಿಯ ಗುಗ್ಗೆ. ಬರೆದ ಪರೀಕ್ಷೆ, ಐದು ದಿನದ ಆಯ್ಕೆ, ಎಲ್ಲ ಆ ಒಂದು ಸಾಲಿನ ಮುಂದೆ ನಿಂತುಬಿಡುತ್ತದೆ.

ಪ್ರಿಯರೇ, ಇಂಥ ಸಮಯದಲ್ಲಿ ಏನು ಮಾಡಬೇಕು? ಮೂರು ವಿಷಯ ಹೇಳುತ್ತೇನೆ.

1. ಕಾಯುವುದು ಸುಮ್ಮನೆ ಕೂರುವುದಲ್ಲ

ಅಪೊಸ್ತಲರ ಕೃತ್ಯಗಳು ಒಂದನೇ ಅಧ್ಯಾಯ ನೋಡಿರಿ. ಯೇಸು ಸ್ವಾಮಿ ಶಿಷ್ಯರಿಗೆ ಲೋಕಕ್ಕೆಲ್ಲ ಹೋಗುವ ಕೆಲಸ ಕೊಟ್ಟಿದ್ದಾನೆ. ಆದರೂ ಯೆರೂಸಲೇಮ್ ಬಿಟ್ಟು ಹೋಗಬೇಡಿ, ಕಾಯಿರಿ ಅನ್ನುತ್ತಾನೆ. ಎಷ್ಟು ದಿನ? ಹೆಚ್ಚು ದಿನ ಆಗುವುದಿಲ್ಲ ಅಂತ ಮಾತ್ರ ಹೇಳಿದ, ತಾರೀಖು ಕೊಡಲಿಲ್ಲ. ನಮಗೆ ಈಗ ಲೆಕ್ಕ ಗೊತ್ತು. ಪುನರುತ್ಥಾನವಾಗಿ ನಲವತ್ತು ದಿನಕ್ಕೆ ಕರ್ತನು ಏರಿಹೋದ, ಐವತ್ತನೇ ದಿನ ಪಂಚಾಶತ್ತಮ, ಅಂದರೆ ಸುಮಾರು ಹತ್ತು ದಿನ. ಅವರಿಗೆ ಅದು ಗೊತ್ತಿರಲಿಲ್ಲ. ಮೂರನೇ ದಿನ, ಏಳನೇ ದಿನ ಅವರೂ ಬಾಗಿಲ ಕಡೆ ನೋಡಿರಬಹುದು.

ಆದರೆ ಆ ಮೇಲಂತಸ್ತಿನ ಕೋಣೆಯಲ್ಲಿ ಅವರು ಏನು ಮಾಡಿದರು? ಒಗ್ಗಟ್ಟಾಗಿ ಪ್ರಾರ್ಥಿಸಿದರು. ಯೂದನ ಜಾಗ ಖಾಲಿ ಇತ್ತು, ಅದಕ್ಕೆ ಮತ್ತೀಯನನ್ನು ಆರಿಸಿದರು. ಪ್ರಾರ್ಥನೆಯೂ ಇತ್ತು, ಕೈಯಲ್ಲಿದ್ದ ಕೆಲಸವೂ ನಡೆಯಿತು. ಆಮೆನ್?

ನಮ್ಮ ಮನೆಯಲ್ಲಿ ಮಗಳು ಒಂದು ಮಾತು ಹೇಳಿದಳು: "ಅಪ್ಪ, ನೀವು ಹಿಮೋಗ್ಲೋಬಿನ್‌ಗೆ ಪ್ರಾರ್ಥನೆ ಮಾಡಿ. ಆದ್ರೆ ಊಟದ ಜೊತೆ ಟೀ ಮಾತ್ರ ಕೊಡಬೇಡಿ." ನಗಬೇಡಿ, ಸರಿಯಾಗೇ ಹೇಳಿದಳು. ಊಟದ ಜೊತೆ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆ, ನುಗ್ಗೆಸೊಪ್ಪು, ಮೇಲೆ ನಿಂಬೆರಸ, ಬೆಳಿಗ್ಗೆ ಐದೂವರೆಗೆ ಪ್ರಾರ್ಥನೆ. ನಂಬಿಕೆ ಇದೆ ಅಂತ ಮಾತ್ರೆ ಬಿಡಲಿಲ್ಲ, ಮಾತ್ರೆ ಇದೆ ಅಂತ ಪ್ರಾರ್ಥನೆಯನ್ನೂ ಬಿಡಲಿಲ್ಲ. ಗುಣಪಡಿಸುವ ದೇವರನ್ನು ನಾವು ನಂಬುತ್ತೇವೆ. ಆತನು ನುಗ್ಗೆಸೊಪ್ಪನ್ನೂ ಸೃಷ್ಟಿ ಮಾಡಿದವನೇ. ಅಪೀಲ್ ಬೋರ್ಡ್‌ನಲ್ಲಿ "ಫಿಟ್" ಅಂತ ಬರೆದರು. ದೇವರಿಗೆ ಸ್ತೋತ್ರ!

2. ನಿನ್ನ ಹಿನ್ನೆಲೆ ಹುಡುಕುವಾಗ ಏನು ಸಿಗುತ್ತದೆ?

ದೇಹ ನೋಡಿದ ಮೇಲೆ ಹಿನ್ನೆಲೆ ನೋಡುತ್ತಾರೆ. ಎಲ್ಲಿ ವಾಸ, ಮುಂಚೆ ಎಲ್ಲಿದ್ದೆ, ಪೊಲೀಸ್ ಕೇಸ್ ಇದೆಯಾ, ಓದಿದ್ದು ಎಲ್ಲಿ. ಮಿಲಿಟರಿಗೆ ಮಾತ್ರ ಅಲ್ಲ. ನಿಮ್ಮಲ್ಲಿ ಐಟಿ ಕಂಪನಿಗೆ ಸೇರಿದವರಿಗೂ ಈ ವೆರಿಫಿಕೇಷನ್ ಗೊತ್ತು.

ದಾನಿಯೇಲ 6ರಲ್ಲಿ ಒಂದು ದೊಡ್ಡ ಹಿನ್ನೆಲೆ ತನಿಖೆ ಇದೆ. ರಾಜನು ದಾನಿಯೇಲನನ್ನು ಇಡೀ ರಾಜ್ಯದ ಮೇಲೆ ನೇಮಿಸಬೇಕೆಂದಿದ್ದ. ನೇಮಕ ಇನ್ನೂ ಆಗಿಲ್ಲ. ಆ ಮಧ್ಯದಲ್ಲಿ ಹೊಟ್ಟೆಕಿಚ್ಚಿನ ಅಧಿಕಾರಿಗಳು ಅವನ ಫೈಲ್ ಎಲ್ಲ ಜಾಲಾಡಿದರು. ಲಂಚ ಇಲ್ಲ, ಅಲಕ್ಷ್ಯ ಇಲ್ಲ. ಸಿಕ್ಕಿದ್ದು ಒಂದೇ: ಈ ಮನುಷ್ಯ ದಿನಕ್ಕೆ ಮೂರು ಸಾರಿ ಪ್ರಾರ್ಥನೆ ಮಾಡುತ್ತಾನೆ. ತಮ್ಮಂದಿರೇ, ತಂಗಿಯರೇ, ನಿಮ್ಮ ಬಗ್ಗೆ ಪಕ್ಕದ ಮನೆಯವರನ್ನು, ಹಾಸ್ಟೆಲ್ ವಾರ್ಡನ್‌ನನ್ನು, ಹಳೇ ಮ್ಯಾನೇಜರ್‌ನನ್ನು ಕೇಳಿದರೆ ಏನು ಸಿಗುತ್ತದೆ?

"ಪಾಸ್ಟರ್, ನನ್ನ ಹಿನ್ನೆಲೆಯಲ್ಲಿ ಒಂದು ವಿಷಯ ಇದೆ" ಅಂತ ಕೆಲವರ ಮನಸ್ಸು ಈಗ ಬಡಿದುಕೊಳ್ತಿರಬಹುದು. ಕಾಲೇಜಿನಲ್ಲಿ ಗಲಾಟೆ, ಒಂದು ಎಫ್ಐಆರ್. ಫಾರಂನಲ್ಲಿ ಬರೆಯಲಾ, ಬಿಡಲಾ? ಬರೆಯಿರಿ. ಬೇಕಾದರೆ ವಕೀಲರನ್ನು ಕೇಳಿ ಬರೆಯಿರಿ, ಆದರೆ ಮುಚ್ಚಿಡಬೇಡಿ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಕೇಸ್, ಬಂಧನ, ಶಿಕ್ಷೆ ಬಗ್ಗೆ ಕೊಡುವ ಮಾಹಿತಿ ನಿಜವಾಗಿರಬೇಕು, ಮರೆಮಾಚಬಾರದು. ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕು ಅಂತಲೂ ಕೋರ್ಟ್ ಹೇಳಲಿಲ್ಲ. ಹೌದು, ನಿಜಕ್ಕೆ ಬೆಲೆ ಕೊಡಬೇಕಾಗಬಹುದು. ಸುಳ್ಳಿನ ಮೇಲೆ ಕಟ್ಟಿದ ಯೂನಿಫಾರ್ಮ್‌ಗಿಂತ ನಿಜ ಹೇಳಿ ಬರಿಗೈಲಿ ನಿಲ್ಲುವವನ ಜೊತೆ ಕರ್ತನು ನಿಲ್ಲುತ್ತಾನೆ. ಕೀರ್ತನೆ 139ರ ಕೊನೆಯಲ್ಲಿ ದಾವೀದನು ತಾನಾಗಿಯೇ ದೇವರನ್ನು ಕರೆದು ತನ್ನ ಹೃದಯವನ್ನು ಪರೀಕ್ಷಿಸು ಅನ್ನುತ್ತಾನೆ. ಮೊದಲು ಆ ಪರೀಕ್ಷೆಗೆ ನಿಲ್ಲೋಣ.

3. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ?

ಇದನ್ನು ಹೇಳುವುದು ನನಗೆ ಕಷ್ಟ. ಫಿಟ್ ಆದವರೆಲ್ಲರಿಗೂ ಜಾಯ್ನಿಂಗ್ ಲೆಟರ್ ಬರುವುದಿಲ್ಲ. ಕೊನೆಗೆ ಮೆರಿಟ್ ಲಿಸ್ಟ್ ಇದೆ, ಸೀಟು ಕಡಿಮೆ. ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ ಪರಂಗಿಮಲೆಯ ಹತ್ತಿರ ಇದೆ. ಅಪೊಸ್ತಲ ತೋಮನ ಹೆಸರಿನ ಬೆಟ್ಟ ಅದೇ. ಅಲ್ಲಿ 49 ವಾರದ ತರಬೇತಿ. ಮಗಳು ಅಲ್ಲಿಗೆ ಹೋಗ್ತಾಳಾ? ಇವತ್ತಿನವರೆಗೂ ಪಟ್ಟಿ ಬಂದಿಲ್ಲ. ಆರಾಧನೆ ಮುಗಿದ ಕೂಡಲೇ ಅಮ್ಮಂದಿರು ಕೇಳ್ತಾರೆ, "ಪಾಸ್ಟರ್, ಲೆಟರ್ ಬಂತಾ?" ಪ್ರೀತಿಯಿಂದ ಕೇಳ್ತಾರೆ. ಕೆಲವರು "ಬಂದೇಬಿಟ್ಟಿದೆ ಅಂತ ಘೋಷಣೆ ಮಾಡಿ" ಅನ್ನುತ್ತಾರೆ. ದೇವರು ನನಗೆ ಹೇಳದ ಮಾತನ್ನು ಆತನ ಹೆಸರಿನಲ್ಲಿ ನಾನು ಹೇಳಲಾರೆ, ನನ್ನ ಸ್ವಂತ ಮಗಳಿಗಾದರೂ ಸರಿ.

ಗಿದ್ಯೋನನ ದಂಡು ನೋಡಿರಿ. 32,000 ಜನ ಬಂದರು. ಹೆದರಿದವರು 22,000 ಮಂದಿ ಹೋದರು. ಉಳಿದ 10,000 ಜನರನ್ನು ನೀರಿನ ಹತ್ತಿರ ಪರೀಕ್ಷಿಸಿ 300 ಮಂದಿಯನ್ನು ಇಟ್ಟುಕೊಂಡನು. ನಾವು ಯಾವಾಗಲೂ ಆ 300 ಜನರ ಬಗ್ಗೆ ಪ್ರಸಂಗ ಮಾಡುತ್ತೇವೆ. ಇವತ್ತು ಆ 9,700 ಜನರನ್ನು ನೋಡೋಣ. ಅವರು ಹೆದರಿದವರಲ್ಲ. ಹೆದರಿದವರು ಆಗಲೇ ಹೋಗಿಯಾಗಿತ್ತು. ಇವರು ಧೈರ್ಯವಿದ್ದು, ಸಿದ್ಧರಾಗಿದ್ದು, ವಾಪಸ್ ಕಳಿಸಲ್ಪಟ್ಟವರು. ಯಾಕೆ? ಎರಡನೇ ವಚನದಲ್ಲಿ ದೇವರೇ ಕಾರಣ ಕೊಡುತ್ತಾನೆ: ಇಸ್ರಾಯೇಲ್ಯರು ತಮ್ಮ ಬಲದಿಂದ ಗೆದ್ದೆವೆಂದು ಹೆಚ್ಚಳಪಡಬಾರದು. ಆ 9,700 ಜನರಲ್ಲಿ ಯಾರನ್ನೂ ಕೀಳು ಅಂತ ವಾಕ್ಯ ಹೇಳುವುದಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 23ನೇ ವಚನ ಓದಿರಿ. ಮಿದ್ಯಾನರು ಓಡುವಾಗ ನಫ್ತಾಲಿ, ಆಶೇರ್, ಮನಸ್ಸೆ ಕುಲದವರನ್ನು ಕರೆಸಿದರು. ಮೊದಲು ಗಿದ್ಯೋನನ ಕರೆಗೆ ಬಂದಿದ್ದ ಕುಲಗಳೇ ಇವು. ಮನೆಗೆ ಹೋದವರು ಕತ್ತಿ ಬಿಸಾಡಿದ್ದರೆ, ಮುನಿಸಿಕೊಂಡು ಕೂತಿದ್ದರೆ, ಎರಡನೇ ಕರೆಗೆ ಯಾರು ಬರುತ್ತಿದ್ದರು? ಹಲ್ಲೆಲೂಯಾ!

ಆದ್ದರಿಂದ ಮಗಳಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪಟ್ಟಿಯಲ್ಲಿ ಹೆಸರು ಬಂದರೆ ದೇವರಿಗೆ ಮಹಿಮೆ. ಬರದಿದ್ದರೆ ಅಳು ಬರುತ್ತದೆ, ಅಳೋಣ, ನಾನೂ ಜೊತೆಗೆ ಅಳುತ್ತೇನೆ. ಆದರೆ ಮೆರಿಟ್ ಲಿಸ್ಟ್ ಸೀಟಿನ ಪಟ್ಟಿ. ಜೀವಬಾಧ್ಯರ ಪುಸ್ತಕ ಬೇರೆ, ಅದರಲ್ಲಿ ಸೀಟಿನ ಲೆಕ್ಕ ಇಲ್ಲ.

ಈ ವಾರ ಮಾಡಲು

ಕಾಯುತ್ತಿರುವವರು: ನಿಮ್ಮ ಕೈಯಲ್ಲಿರುವ ಒಂದು ಕೆಲಸ, ದೇವರ ಕೈಯಲ್ಲಿರುವ ಒಂದು ವಿಷಯ, ಎರಡನ್ನೂ ಬೇರೆ ಬೇರೆ ಬರೆಯಿರಿ. ಮೊದಲನೆಯದನ್ನು ಮಾಡಿ, ಎರಡನೆಯದಕ್ಕಾಗಿ ಪ್ರಾರ್ಥಿಸಿ.
ಕಾಯುವವರ ಸುತ್ತ ಇರುವವರು: "ಬಂತಾ?" ಅಂತ ಕೇಳುವ ಬದಲು "ಇವತ್ತು ಹೇಗಿದ್ದೀಯಾ?" ಅಂತ ಕೇಳಿ.

ತಲೆ ಬಾಗಿಸಿ ಪ್ರಾರ್ಥಿಸೋಣ. ಕರ್ತನೇ, ಹೊಸಿಲ ಮೇಲೆ ನಿಂತಿರುವ ಪ್ರತಿಯೊಬ್ಬ ಯೌವನಸ್ಥನನ್ನೂ ಯೌವನಸ್ಥಳನ್ನೂ ನೀನು ಬಲ್ಲೆ. ಅವರ ದೇಹವನ್ನು ಮುಟ್ಟು, ಬಾಯಲ್ಲಿ ಸತ್ಯವನ್ನಿಡು, ನಿನ್ನ ಆತ್ಮನಿಂದ ಬಲಪಡಿಸು. ಕರೆದರೆ ಹೋಗುವ ಧೈರ್ಯವನ್ನೂ, ಕಳಿಸಿದರೆ ಕತ್ತಿ ಬಿಡದೆ ಹಿಂತಿರುಗುವ ಕೃಪೆಯನ್ನೂ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.