ಮಚ್ಚು ಕೊಳ್ಳುವ ಮುನ್ನ

ಪಂಪ್‌ಸೆಟ್ಟು ಕೊಳ್ಳುವಾಗ ನಾಲ್ಕು ಜನರನ್ನು ವಿಚಾರಿಸುವ ನಮ್ಮ ರೈತರು, ಮಚ್ಚು ಕೊಳ್ಳುವಾಗ ಸಂತೆಯಲ್ಲಿ ಎರಡು ನಿಮಿಷವೂ ನಿಲ್ಲುವುದಿಲ್ಲ. ಆದರೆ ವರ್ಷದಲ್ಲಿ ಹೆಚ್ಚು ದಿನ ಕೈಯಲ್ಲಿರುವ ಉಪಕರಣ ಇದೇ. ಕಬ್ಬು ಕಡಿಯಲು, ಬೇಲಿ ಸವರಲು, ಬಾಳೆಗೊನೆ ಇಳಿಸಲು ಇದೇ ಬೇಕು. ಹಳೇ ಮೈಸೂರು ಕಡೆ ಮಚ್ಚು, ಮಲೆನಾಡು ಮತ್ತು ಕರಾವಳಿಯಲ್ಲಿ ಕತ್ತಿ, ಬೆಳಗಾವಿ ಕಡೆ ಕೊಯ್ತಾ ಎನ್ನುತ್ತಾರೆ. ಆಕಾರ ಬೇರೆಯಾದರೂ ಆರಿಸುವ ಕ್ರಮ ಒಂದೇ.

ಮೊಂಡು ಮಚ್ಚಿನಿಂದ ಆಗುವ ನಷ್ಟ ಕಣ್ಣಿಗೆ ಬೇಗ ಕಾಣುವುದಿಲ್ಲ. ಬಲಿತ ಕಬ್ಬಿನಲ್ಲಿ ಸಕ್ಕರೆಯ ಅಂಶ ಬುಡದ ಗಣ್ಣುಗಳಲ್ಲೇ ಹೆಚ್ಚು. ಅಲಗು ಸರಿಯಿಲ್ಲದಿದ್ದರೆ ಆಳು ನೆಲಮಟ್ಟಕ್ಕೆ ಬಗ್ಗಿ ಕಡಿಯದೆ ನಾಲ್ಕು ಬೆರಳು ಮೇಲಕ್ಕೆ ಕಡಿಯುತ್ತಾನೆ. ತೂಕವೂ ಹೋಯಿತು, ಸಕ್ಕರೆಯೂ ಹೋಯಿತು. ಉಳಿದ ಬುಡ ಸೀಳಿಕೊಂಡರೆ ಕೊಳೆಯುತ್ತದೆ; ನೆಲದ ಮೇಲಿನ ಕಣ್ಣುಗಳಿಂದ ಬರುವ ಕೂಳೆ ಬೆಳೆಯ ಮೊಳಕೆಗಳು ನೆಲದೊಳಗಿನಿಂದ ಬರುವಷ್ಟು ಗಟ್ಟಿಯಾಗಿರುವುದಿಲ್ಲ.

ಬಾಲವನ್ನು ಮೊದಲು ನೋಡಿ

ಈ ವಿಷಯದಲ್ಲಿ ನಾನೂ ಪಾಠ ಕಲಿತವನೇ. ನೌಕರಿಗೆ ಸೇರಿದ ಹೊಸದರಲ್ಲಿ ಮಂಡ್ಯ ಜಿಲ್ಲೆಯ ಒಂದು ಕಬ್ಬಿನ ತಾಕಿಗೆಂದು ಆರು ಮಚ್ಚುಗಳನ್ನು ಕೊಂಡೆ. ಬೆಲೆ ಅಗ್ಗ, ಅಲಗು ಕನ್ನಡಿಯಂತೆ ಹೊಳೆಯುತ್ತಿತ್ತು, ಹಿಡಿಗೆ ಕೆಂಪು ಬಣ್ಣ. ಮೂರನೆಯ ದಿನ ಒಬ್ಬ ಆಳು ಮಚ್ಚು ಬೀಸುತ್ತಿದ್ದಂತೆ ಅಲಗು ಹಿಡಿಯಿಂದ ಕಳಚಿ ಹಾರಿ, ಸೋಗೆ ಆಯುತ್ತಿದ್ದ ಹೆಂಗಸಿನ ಪಾದದಿಂದ ಗೇಣುದ್ದ ಆಚೆಗೆ ಬಿತ್ತು. ಕೆಲಸ ನಿಲ್ಲಿಸಿ ಹಿಡಿಯನ್ನು ಸೀಳಿಸಿ ನೋಡಿದಾಗ, ಒಳಗೆ ಸೇರಿದ್ದ ಕಬ್ಬಿಣ ಎರಡು ಬೆರಳಿನಷ್ಟೂ ಇರಲಿಲ್ಲ. ಅರಗು ತುಂಬಿ ನಿಲ್ಲಿಸಿದ್ದರು. ಅಲ್ಲಿದ್ದ ಹಿರಿಯ ಕಬ್ಬು ಕಡಿಯುವವನೊಬ್ಬ, "ಮಚ್ಚಿನ ಬಾಯಿ ನೋಡಿ ತರಬ್ಯಾಡಿ ಸಾಮಿ, ಬಾಲ ನೋಡಿ ತನ್ನಿ" ಎಂದ. ನನ್ನ ಪದವಿಗಳಾವುವೂ ಅದನ್ನು ಹೇಳಿಕೊಟ್ಟಿರಲಿಲ್ಲ.

ಬಾಲವೆಂದರೆ ಹಿಡಿಯೊಳಕ್ಕೆ ಸೇರುವ ಭಾಗ. ಅದು ಹಿಡಿಯ ತುದಿಯವರೆಗೆ ಹೋಗಿ, ಹಿಂದೆ ಹೊರಬಂದು ಮಡಿಸಿರಬೇಕು. ಇಲ್ಲವೆ ಹಿಡಿಯ ಎರಡು ಹೋಳುಗಳ ನಡುವೆ ಪೂರ್ತಿ ಉದ್ದಕ್ಕೆ ಚಾಚಿ, ಕನಿಷ್ಠ ಎರಡು ಮೂರು ರಿವೆಟ್ಟುಗಳಿಂದ ಬಿಗಿದಿರಬೇಕು. ಒಳಗೆ ಏನಿದೆಯೆಂದು ಕಾಣದ ಹಿಡಿಯನ್ನು ನಾನಂತೂ ಕೊಳ್ಳುವುದಿಲ್ಲ. ಅಲಗು ಹಿಡಿಗೆ ಸೇರುವ ಕಡೆ ಕಬ್ಬಿಣದ ಬಳೆ ಇದ್ದರೆ ಮರ ಸೀಳುವುದಿಲ್ಲ. ಹಿಡಿಗೆ ಜಾಲಿ ಅಥವಾ ಹುಣಸೆಯ ಒಣಗಿದ ಮರ ಉತ್ತಮ. ಹಸಿ ಮರದ ಹಿಡಿ ಬೇಸಿಗೆಯಲ್ಲಿ ಕುಗ್ಗಿ ಸಡಿಲವಾಗುತ್ತದೆ.

ಉಕ್ಕು ಮತ್ತು ಹದ

ಹೊಳಪಿಗೂ ಬಾಳಿಕೆಗೂ ಸಂಬಂಧವಿಲ್ಲ. ಕಿಟಕಿ ಸರಳಿನಂತಹ ಮೆತು ಉಕ್ಕಿನಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ, ಎಷ್ಟೇ ಕಾಯಿಸಿ ಅದ್ದಿದರೂ ಅದು ಮಚ್ಚಿಗೆ ಬೇಕಾದಷ್ಟು ಗಡುಸಾಗುವುದಿಲ್ಲ. ಲಾರಿಯ ಕಮಾನು ಪಟ್ಟಿಯಲ್ಲಿ ಇಂಗಾಲ ಶೇ. 0.5 ರಿಂದ 0.6ರ ಸುಮಾರಿಗೆ ಇರುವುದರಿಂದ ಅದು ಹದವನ್ನು ಹಿಡಿಯುತ್ತದೆ. ಆದ್ದರಿಂದಲೇ ಬಲ್ಲ ಕಮ್ಮಾರರು ಹಳೆಯ ಪಟ್ಟಿಯನ್ನು ಆರಿಸುತ್ತಾರೆ. ಪಟ್ಟಿ ಮುರಿದ ಜಾಗವನ್ನೂ ನಡುವಿನ ತೂತಿನ ಸುತ್ತಲನ್ನೂ ಬಿಟ್ಟು ಕತ್ತರಿಸಿಕೊಳ್ಳಬೇಕು. ಅಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು.

ಸಿದ್ಧ ಮಚ್ಚನ್ನು ಕೊಳ್ಳುವವರು ಜೇಬಿನಲ್ಲಿ ಒಂದು ಸಣ್ಣ ಅರವನ್ನು ಒಯ್ಯಲಿ. ಅಂಚಿನ ಮೇಲೆ ಅರವನ್ನು ಮೆಲ್ಲಗೆ ಎಳೆದಾಗ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅಲಗು ಅತಿ ಗಡುಸು, ಗಣ್ಣಿಗೆ ತಾಗಿದರೆ ಹಲ್ಲು ಬೀಳುತ್ತದೆ. ಮೊಳೆಯನ್ನು ಉಜ್ಜಿದಂತೆ ಸುಲಭವಾಗಿ ಸವೆದರೆ ಅತಿ ಮೆದು. ಸ್ವಲ್ಪ ತಡೆದು ತಡೆದು ಕಚ್ಚಿದರೆ ಹದ ಸರಿ. ಅಂಗಡಿಯವರು ಒಪ್ಪಿದರೆ ಒಣ ಬಿದಿರಿನ ಗಣ್ಣಿಗೆ ನಾಲ್ಕು ಏಟು ಹಾಕಿ, ಅಂಚನ್ನು ಬಿಸಿಲಿಗೆ ಹಿಡಿದು ನೋಡಿ. ಹರಿತವಾದ ಅಂಚು ಹೊಳೆಯುವುದಿಲ್ಲ. ಹೊಳೆಯುವ ಚುಕ್ಕೆ ಕಂಡರೆ ಅಲ್ಲಿ ಅಂಚು ಮಡಿಸಿದೆ ಅಥವಾ ಮುರಿದಿದೆ.

ಕುಲುಮೆಯಲ್ಲಿ ಮಾಡಿಸುವುದೇ ನನ್ನ ಸಲಹೆ. ಮುಂದೆ ತಟ್ಟಿಸಲು, ಹಿಡಿ ಬದಲಿಸಲು ಅದೇ ಕಮ್ಮಾರ ಸಿಗುತ್ತಾನೆ. ಹದ ಹಾಕುವಾಗ ಮುಂದೆ ನಿಂತು ನೋಡಿ. ಕಾದ ಅಲಗಿಗೆ ಅಯಸ್ಕಾಂತ ಅಂಟದಂತಾದ ಮೇಲೆ ಇನ್ನೂ ತುಸು ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಕಮಾನು ಪಟ್ಟಿಯ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಬಿರುಕು ಬಿಡುವ ಸಂಭವವಿದೆ. ಅಷ್ಟಕ್ಕೇ ಬಿಟ್ಟರೆ ಅಲಗು ಪೆಡಸಾಗಿ ಉಳಿಯುತ್ತದೆ. ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ನಿಧಾನವಾಗಿ ಕಾಯಿಸಿದಾಗ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಕಾಣುತ್ತದೆ. ಮಚ್ಚಿನ ಅಂಚಿಗೆ ಕಂದು ಮತ್ತು ನೇರಳೆಯ ನಡುವೆ, ಅಂದರೆ ಸುಮಾರು 260 ರಿಂದ 280 ಡಿಗ್ರಿ ಸೆಂಟಿಗ್ರೇಡಿನಲ್ಲಿ ನಿಲ್ಲಿಸುವುದು ಸೂಕ್ತ. ಈ ಎರಡನೆಯ ಕಾಯಿಸುವಿಕೆಗೆ ಬೇಸರಪಡುವ ಕಮ್ಮಾರನಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ತೂಕವನ್ನು ಬಳಸುವವರ ಕೈಯಲ್ಲೇ ನೋಡಬೇಕು. ಯಜಮಾನನ ಕೈಗೆ ಹಿತವಾದ ಮಚ್ಚು ದಿನವಿಡೀ ಸೋಗೆ ಸವರುವ ಹೆಣ್ಣಾಳಿನ ಮಣಿಕಟ್ಟನ್ನು ಸೋಲಿಸಬಹುದು. ಈಚೆಗೆ ನಮ್ಮ ಹುಡುಗರು ಮೊಬೈಲಿನಲ್ಲಿ ನೋಡಿ, ಕಾಡು ಸುತ್ತುವವರಿಗೆಂದು ಮಾರುವ ಸ್ಟೇನ್‌ಲೆಸ್ ಚಾಕುಗಳನ್ನು ತರಿಸುತ್ತಿದ್ದಾರೆ. ಬೇಗ ತುಕ್ಕು ಹಿಡಿಯದು ನಿಜ. ಆದರೆ ಹಿಡಿ ಟೊಳ್ಳಾಗಿದ್ದರೆ ಅದಕ್ಕೂ ಬಾಲವಿಲ್ಲ, ಹದ ಕೆಟ್ಟರೆ ಊರ ಕುಲುಮೆಯಲ್ಲಿ ಸರಿಪಡಿಸಲೂ ಆಗದು.

ಒಳ್ಳೆಯ ಮಚ್ಚನ್ನು ಕೆಡಿಸುವುದು ಬಹಳ ಸುಲಭ. ಮುರಿದ ಹಿಡಿಯನ್ನು ತೆಗೆಯಲು ಮಚ್ಚನ್ನೇ ಒಲೆಗೆ ಹಾಕುವ ಅಭ್ಯಾಸ ಹಲವರಿಗಿದೆ. ಹಿಡಿಯ ಜೊತೆಗೆ ಹದವೂ ಸುಟ್ಟುಹೋಗುತ್ತದೆ. ಕರೆಂಟಿನ ಸಾಣೆಗೆ ಒತ್ತಿ ಹಿಡಿದಾಗ ಅಂಚು ನೀಲಿಯಾದರೆ ಅಲ್ಲಿಯೂ ಅದೇ ಗತಿ. ಕಲ್ಲಿಗೆ ನೀರು ಹಾಕಿ ಕೈಯಲ್ಲಿ ಮಸೆಯುವುದೇ ಮೇಲು. ಕಬ್ಬಿನ ರಸ ಹುಳಿಯಾಗಿ ಉಕ್ಕನ್ನು ತಿನ್ನುವುದರಿಂದ ಸಂಜೆ ತೊಳೆದು, ಒರೆಸಿ, ಎಣ್ಣೆ ಸವರಿಡಬೇಕು. ಗಾಯವಾದರೆ ಅರಿಶಿನ ಮೆತ್ತಿ ಸುಮ್ಮನಾಗದೆ ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು. ಆ ರೋಗಾಣು ತುಕ್ಕಿಗಿಂತ ಮಣ್ಣು ಗೊಬ್ಬರಗಳಲ್ಲೇ ಇರುತ್ತದೆ.

ಬಿತ್ತನೆ ಕಬ್ಬು ಕತ್ತರಿಸುವವರಿಗೆ ಇನ್ನೊಂದು ಮಾತು. ಕೂಳೆ ಕುಂಠಿತ ರೋಗ ಮಚ್ಚಿಗೆ ಅಂಟಿದ ರಸದ ಮೂಲಕ ಕಬ್ಬಿನಿಂದ ಕಬ್ಬಿಗೆ ಹರಡುತ್ತದೆ. ಹೊರಗೆ ಸ್ಪಷ್ಟ ಚಿಹ್ನೆ ತೋರದೆ ಇಳುವರಿಯನ್ನು ಮಾತ್ರ ತಗ್ಗಿಸುವುದರಿಂದ ರೈತರಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಒಂದರ ಬದಲು ಎರಡು ಮಚ್ಚುಗಳಿರಲಿ. 950 ಮಿ.ಲೀ. ನೀರಿಗೆ 50 ಮಿ.ಲೀ. ಲೈಸಾಲ್ ಬೆರೆಸಿ ಅಗಲ ಬಾಯಿಯ ಡಬ್ಬಿಯಲ್ಲಿಟ್ಟು, ಒಂದರಿಂದ ಕತ್ತರಿಸುವಾಗ ಇನ್ನೊಂದರ ಅಲಗನ್ನು ಅದರಲ್ಲಿ ಮುಳುಗಿಸಿಡಿ. ಒಂದು ಕಂತೆ ಮುಗಿದ ಕೂಡಲೇ ಅದಲು ಬದಲು ಮಾಡಿ.